ಮಲೆನಾಡಿನ ಮಳೆಯಲ್ಲಿ ಹಳೇ ರೆಸ್ಲಿಂಗ್ ಡಿವಿಡಿ ಸೆಟ್‌ಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಅಮೆರಿಕದ ರೆಸ್ಲಿಂಗ್, ಅಂದರೆ ಫಲಿತಾಂಶ ಮೊದಲೇ ಮಾತಾಗಿರುವ ಪ್ರದರ್ಶನ ಕುಸ್ತಿ, ಅದರ ಇತಿಹಾಸವನ್ನು ಸರಿಯಾದ ಕ್ರಮದಲ್ಲಿ, ಪೂರ್ತಿ ಪಂದ್ಯಗಳಾಗಿ ನೋಡಬೇಕು ಅನ್ನುವವರಿಗೆ ನಾನು ಇವತ್ತಿಗೂ ಹೇಳುವುದು ಡಿವಿಡಿ ಸೆಟ್ ಕೊಳ್ಳಿ ಎಂದೇ. ಒಬ್ಬೊಬ್ಬ ಆಟಗಾರನಿಗೆ ಅಥವಾ ಒಂದೊಂದು ಕಾಲಕ್ಕೆ ಮೀಸಲಾಗಿ ಬಂದ ಎರಡು-ಮೂರು ಡಿಸ್ಕಿನ ಸೆಟ್‌ಗಳ ಮಾತು ಇದು. ಹೊಸದು ಸಿಗುವುದು ಅಪರೂಪ, ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಯಾವುದರಲ್ಲಿ ಯಾವ ಪಂದ್ಯ ಇದೆ ಅನ್ನುವ ಪಟ್ಟಿ ಹುಡುಕಿದರೆ ಸಿಗುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಯಲ್ಲಿ ಇವನ್ನು ಇಟ್ಟುಕೊಂಡು ಬಾಳಿಸುವುದು ಹೇಗೆ, ಎಲ್ಲಿ ಸಂತೋಷ, ಎಲ್ಲಿ ಸಿಟ್ಟು ಬರುತ್ತದೆ ಅನ್ನುವುದಷ್ಟೇ ಈ ಬರಹ.

ಸ್ಟ್ರೀಮಿಂಗ್ ಇರುವಾಗ ಡಿಸ್ಕ್ ಯಾಕೆ ಎಂದು ಬಯಲುಸೀಮೆಯವರು ಕೇಳಬಹುದು. ಆರಿದ್ರೆ ಮಳೆ ಹಿಡಿದರೆ ಇಲ್ಲಿ ಮರ ಲೈನಿನ ಮೇಲೆ ಬೀಳುತ್ತದೆ, ಫೈಬರ್ ತುಂಡಾಗುತ್ತದೆ, ಬ್ಯಾಟರಿ ಇಳಿದ ಮೇಲೆ ಟವರೂ ಸತ್ತುಹೋಗುತ್ತದೆ. ಡಿಶ್ ಇದ್ದವರಿಗೆ ಜಡಿಮಳೆಯಲ್ಲಿ ಸಿಗ್ನಲ್ ಇಲ್ಲ. ಡಿವಿಡಿ ಪ್ಲೇಯರ್ ಎಳೆಯುವುದು ಹತ್ತು-ಹದಿನೈದು ವ್ಯಾಟ್, 32 ಇಂಚಿನ ಎಲ್‌ಇಡಿ ಟಿವಿ ಐವತ್ತರ ಆಸುಪಾಸು. 150 ಎಎಚ್ ಬ್ಯಾಟರಿಯ ಸಾಧಾರಣ ಇನ್ವರ್ಟರ್ ಲೈಟು ಫ್ಯಾನಿನ ಜೊತೆಗೆ ಇವೆರಡನ್ನೂ ಒಂದು ಸಂಜೆ ಆರಾಮಾಗಿ ಎಳೆಯುತ್ತದೆ. ಆಗುಂಬೆ ಘಾಟಿಯ ಸುತ್ತಮುತ್ತಲ ಮನೆಗೆ ಈ ಒಂದು ಕಾರಣವೇ ಸಾಕು.

ಈಗ ಸಂತೋಷದ ವಿಷಯ. 1989ರಲ್ಲಿ ರಿಕ್ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ ನಡುವೆ ಮೂರು ದೊಡ್ಡ ಪಂದ್ಯ ನಡೆದವು: ಫೆಬ್ರವರಿ 20ಕ್ಕೆ ಶಿಕಾಗೊ, ಏಪ್ರಿಲ್ 2ಕ್ಕೆ ನ್ಯೂ ಓರ್ಲಿಯನ್ಸ್, ಮೇ 7ಕ್ಕೆ ನ್ಯಾಶ್‌ವಿಲ್. ಮೊಬೈಲಿನಲ್ಲಿ ತುಣುಕು ನೋಡಿದವರಿಗೆ ಇವು ಎದೆಗೆ ಚಟೀರ್ ಎಂದು ಬೀಳುವ ಏಟುಗಳಷ್ಟೇ. ಪೂರ್ತಿ ನೋಡಿದರೆ ಬೇರೆಯೇ. ನ್ಯೂ ಓರ್ಲಿಯನ್ಸಿನದು ಮೂರು ಸುತ್ತಿನಲ್ಲಿ ಎರಡು ಗೆದ್ದವನದು ಅನ್ನುವ ಪಂದ್ಯ, 55 ನಿಮಿಷ ದಾಟುತ್ತದೆ. ಮೊದಲ ಸುತ್ತು ಫ್ಲೇರ್‌ಗೆ. ಎರಡನೆಯದರಲ್ಲಿ ಸ್ಟೀಮ್‌ಬೋಟ್ ಹಿಂದಿನಿಂದ ಎರಡೂ ತೋಳು ತಿರುಚಿ ಎತ್ತಿ ಸೋಲೊಪ್ಪಿಸುತ್ತಾನೆ. ಮೂರನೆಯದರಲ್ಲಿ ಫ್ಲೇರ್ ಎದುರಾಳಿಯ ಕಾಲಿಗೇ ಕೈಹಾಕುತ್ತಾನೆ, ಬಿಡುವುದೇ ಇಲ್ಲ. ಕೊನೆಗೆ ಸ್ಟೀಮ್‌ಬೋಟ್ ಅದೇ ತೋಳಿನ ಪಟ್ಟು ಹಾಕಲು ಹೋದಾಗ ಇಬ್ಬರೂ ಹಿಂದಕ್ಕೆ ಬೀಳುತ್ತಾರೆ, ಇಬ್ಬರ ಭುಜವೂ ನೆಲಕ್ಕೆ. ಎಣಿಕೆ ಮುಗಿಯುವ ಮೊದಲು ಸ್ಟೀಮ್‌ಬೋಟ್ ತನ್ನ ಭುಜ ಎತ್ತಿಬಿಡುತ್ತಾನೆ, ಗೆಲ್ಲುತ್ತಾನೆ. ಫ್ಲೇರ್‌ನ ಕಾಲು ಹಗ್ಗದಡಿ ಇದ್ದದ್ದು, ಅಂದರೆ ಎಣಿಕೆ ನಿಲ್ಲಬೇಕಿತ್ತು ಅನ್ನುವುದು, ರೆಫರಿಗೆ ಕಂಡಿರುವುದಿಲ್ಲ. ನ್ಯಾಶ್‌ವಿಲ್ ಪಂದ್ಯದ ಬೀಜ ಇದೇ. ಐವತ್ತು ನಿಮಿಷದ ಹಿಂದೆ ಇಟ್ಟ ಒಂದೊಂದು ಹೆಜ್ಜೆಗೂ ಕೊನೆಯಲ್ಲಿ ಲೆಕ್ಕ ಸಿಗುವುದನ್ನು ಕಾಣಲು ಕೂತು ನೋಡಲೇಬೇಕು.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು 1987ರ ಮಾರ್ಚ್ 29ರ ರೆಸಲ್‌ಮೇನಿಯಾ ಎಂಬ ವಾರ್ಷಿಕ ದೊಡ್ಡ ಪ್ರದರ್ಶನದ ರ‍್ಯಾಂಡಿ ಸ್ಯಾವೇಜ್-ಸ್ಟೀಮ್‌ಬೋಟ್ ಪಂದ್ಯ. ಹದಿನೈದು ನಿಮಿಷವೂ ಇಲ್ಲ. ಸ್ಯಾವೇಜ್ ಪ್ರತಿ ನಡೆಯನ್ನೂ ಮೊದಲೇ ಬರೆದು, ಸಂಖ್ಯೆ ಹಾಕಿ, ಇಬ್ಬರೂ ಬಾಯಿಪಾಠ ಮಾಡಿ ರಿಂಗಿಗೆ ಇಳಿದಿದ್ದರು. ಫ್ಲೇರ್‌ನ ರೀತಿ ಇದಕ್ಕೆ ತದ್ವಿರುದ್ಧ, ಜನರ ಕೂಗು ಕೇಳಿಕೊಂಡು ರಿಂಗಿನೊಳಗೇ ಮುಂದಿನದನ್ನು ಹೇಳಿಕೊಳ್ಳುತ್ತ ಹೋಗುವುದು. ಒಬ್ಬನೇ ಸ್ಟೀಮ್‌ಬೋಟ್, ಎರಡು ಪದ್ಧತಿ, ಎರಡೂ ಶ್ರೇಷ್ಠ. ರಿಮೋಟಿನ ಸ್ಟೆಪ್ ಬಟನ್ ಇಲ್ಲಿ ಕೆಲಸಕ್ಕೆ ಬರುತ್ತದೆ: ಫ್ಲೇರ್ ಕತ್ತು ಹಿಡಿದು ಕೂತಿರುವಾಗ ಒಂದೊಂದೇ ಫ್ರೇಮ್ ಸರಿಸಿ, ಬಾಯಿ ಎಲ್ಲಿ ಮರೆಯಾಗುತ್ತದೆ ನೋಡಿ. ವಿಶ್ರಾಂತಿ ಅಂದುಕೊಂಡ ಹಿಡಿತದಲ್ಲೇ ಪಂದ್ಯ ಕಟ್ಟುತ್ತಿರುತ್ತಾರೆ. ಜಾತ್ರೆಯ ಮಟ್ಟಿ ಕುಸ್ತಿಯಲ್ಲಿ ಪಟ್ಟು ಬಿಡಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಿದವರ ಕಣ್ಣಿಗೆ ಇದು ಬೇಗ ಹತ್ತುತ್ತದೆ.

ಇನ್ನು ಡಿಸ್ಕ್ ಬಾಳಿಸುವುದು. ಇಲ್ಲಿ ಶತ್ರು ಗೀರಲ್ಲ, ಬೂಷ್ಟು. ಅದು ಮೊದಲು ಹಿಡಿಯುವುದು ಕಾಗದವನ್ನು. ಸೆಟ್ ಕೈಗೆ ಬಂದ ದಿನವೇ ರಟ್ಟಿನ ಹೊರಕವಚ, ಒಳಗಿನ ಪುಸ್ತಿಕೆ ಬೇರೆ ಮಾಡಿ ಬೇರೆ ಕವರಿನಲ್ಲಿ ಇಡಿ. ಡಿಸ್ಕನ್ನು ಅಂಚು ಮತ್ತು ನಡುವಿನ ತೂತಿನಲ್ಲೇ ಹಿಡಿಯಿರಿ, ಬೆರಳಿನ ಜಿಡ್ಡು ಬಿದ್ದಲ್ಲೇ ಬೂಷ್ಟು ಹುಟ್ಟುವುದು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆಯ ಚೀಲದಲ್ಲಿ ನೂರು ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ಡಿಜಿಟಲ್ ತೇವಾಂಶ ಮೀಟರ್. ಮೀಟರ್ 50 ಶೇಕಡಾ ಒಳಗಿದ್ದರೆ ನಿಶ್ಚಿಂತೆ. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನು ಆರಿಸಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣ ತಿರುಗಿದ ಮೇಲೆ ಬಿಸಿಲಿಗೆ ಇಡೋಣವೆಂದರೆ ಆಷಾಢದಲ್ಲಿ ಬಿಸಿಲೆಲ್ಲಿ? ಅಡುಗೆಗೆ ಬಳಸದ ಹಳೇ ಕಾವಲಿಯಲ್ಲಿ, ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿಮಾಡಿ. ಬಣ್ಣ ಮರಳಿದಾಗ ಇಳಿಸಿ, ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ. ಉರಿ ಜೋರಾದರೆ ಹರಳು ಕಪ್ಪಾಗಿ ಹಾಳಾಗುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಡಿಸ್ಕನ್ನು ಅಲ್ಲಿ ಇಡಬೇಡಿ, ಹೊಗೆಯ ಜಿಡ್ಡು ಕೂರುತ್ತದೆ, ಶಾಖಕ್ಕೆ ಡಿಸ್ಕ್ ಸೊಟ್ಟಗೂ ಆಗಬಹುದು.

ಬೂಷ್ಟು ಬಂದೇಬಿಟ್ಟರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಒಂದು ಹನಿ, ಹಳೇ ಹತ್ತಿಬಟ್ಟೆ. ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ. ಸುತ್ತು ಸುತ್ತಾಗಿ ಒರೆಸಲೇಬಾರದು. ಮಾಹಿತಿ ಇರುವುದು ಸುರುಳಿಯ ದಾರಿಯಲ್ಲಿ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ತಾನೇ ಸರಿಪಡಿಸಿಕೊಂಡು ಓದುತ್ತದೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರಿನಲ್ಲಿ ದೊಡ್ಡ ತುಂಡೇ ಹೋಗುತ್ತದೆ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿದ್ದು, ಮಾಹಿತಿಯ ಪದರ ನಡುವೆ. ಹಾಗಾಗಿ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಟು ಬಿಟ್ಟು ಒಳಗೆ ತೇವ ಹೋಗಿದ್ದರೆ ಯಾವ ತೊಳೆತದಿಂದಲೂ ಆ ಡಿಸ್ಕ್ ಉಳಿಯುವುದಿಲ್ಲ.

ಪ್ಲೇಯರಿನದು ಇನ್ನೊಂದು ನಿತ್ಯವಿಧಿ. ಮಳೆಗಾಲದಲ್ಲಿ ಡಿಸ್ಕ್ ಹಾಕುವ ಕಾಲು ಗಂಟೆ ಮೊದಲೇ ಖಾಲಿ ಪ್ಲೇಯರ್ ಆನ್ ಮಾಡಿಡಿ. ಒಳಗಿನ ಬಿಸಿಗೆ ಲೆನ್ಸಿನ ಮೇಲಿನ ಥಂಡಿ ಆರುತ್ತದೆ, ಅಷ್ಟರಲ್ಲಿ ಕಾಫಿಯೂ ಆಗುತ್ತದೆ. ಇದನ್ನು ಬಿಟ್ಟರೆ ತೊಂದರೆ ಕಾಣುವುದು ಪಂದ್ಯದ ನಟ್ಟನಡುವೆ. ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹೊರಳುವ ಜಾಗ ಒಂದಿದೆ, ಮಂಕಾದ ಲೆನ್ಸ್ ಅಲ್ಲೇ ತಡವರಿಸಿ ನಿಲ್ಲುತ್ತದೆ. ನಿಂತರೆ ಮುಂದಿನ ಚಾಪ್ಟರಿಗೆ ಹಾರಿ, ಅಲ್ಲಿಂದ ನಿಧಾನ ಹಿಂದಕ್ಕೆ ಬನ್ನಿ. ಪದೇಪದೇ ಆದರೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಇಯರ್ ಬಡ್ಸಿಗೆ ಒಂದು ತೊಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಲೆನ್ಸನ್ನು ಸೋಕಿಸಿದಷ್ಟೇ ಹಗುರಾಗಿ ಒರೆಸಿ.

ಟಿವಿಯ ಚಿತ್ರವನ್ನು 4:3ಕ್ಕೆ ಇಡಿ. ಅಗಲಕ್ಕೆ ಎಳೆದರೆ ಎಲ್ಲರೂ ದೈತ್ಯದೇಹದ ಆಟಗಾರ ಆಂದ್ರೆ ದಿ ಜೈಂಟ್ ಆಗಿಬಿಡುತ್ತಾರೆ, ಆಮೇಲೆ ನಿಜವಾದ ಆಂದ್ರೆ ಬಂದಾಗ ಅವನ ಗಾತ್ರದ ಬೆರಗೇ ಇರುವುದಿಲ್ಲ.

ಇಷ್ಟೆಲ್ಲ ಜತನ ಮಾಡಿ ಕಾಪಾಡಿಕೊಂಡ ಡಿಸ್ಕಿನಲ್ಲಿ ಇರುವುದೇನು ಎಂದು ನೋಡಿದಾಗ ಹೊಟ್ಟೆ ಉರಿಯುತ್ತದೆ. 2002ರಿಂದ 2012ರ ನಡುವೆ ಬಂದ ಸೆಟ್‌ಗಳಲ್ಲಿ ತೊಂಬತ್ತರ ದಶಕದ ಕೊನೆಯ ಪಂದ್ಯಗಳನ್ನು ಹಾಕಿ ನೋಡಿ. ರಿಂಗಿನ ಮೂಲೆ, ಪಕ್ಕದ ಬಟ್ಟೆ, ರೆಫರಿಯ ಅಂಗಿ, ಚಾಂಪಿಯನ್ ಬೆಲ್ಟ್, ಎಲ್ಲೆಲ್ಲಿ ಹಳೇ ಲಾಂಛನ ಇದೆಯೋ ಅಲ್ಲೆಲ್ಲ ಮಸುಕಿನ ಕಲೆ. ವೀಕ್ಷಕ ವಿವರಣೆಗಾರ ರೆಸ್ಲಿಂಗ್ ಕಂಪನಿಯ ಆಗಿನ ಹೆಸರಾದ ಡಬ್ಲ್ಯುಡಬ್ಲ್ಯುಎಫ್ ಅಂದ ಕಡೆ ದನಿ ಕತ್ತರಿಸಿದೆ. ಕಾರಣ ಗೊತ್ತಿರುವುದೇ. ವನ್ಯಜೀವಿ ನಿಧಿಯವರೂ ಅದೇ ಮೂರು ಅಕ್ಷರದವರು, ಬ್ರಿಟನ್ನಿನ ಕೋರ್ಟಿನಲ್ಲಿ ಅವರು ಗೆದ್ದರು, 2002ರ ಮೇ ತಿಂಗಳಲ್ಲಿ ಕುಸ್ತಿಯವರು ಡಬ್ಲ್ಯುಡಬ್ಲ್ಯುಇ ಆದರು. 1998ರಿಂದ ಎಲ್ಲೆಡೆ ಬಳಕೆಯಾದ ಗೀಚು ಅಕ್ಷರದ ಲಾಂಛನ ಹಳೇ ಚಿತ್ರಗಳಲ್ಲೂ ಕಾಣಬಾರದು ಎಂದಾಯಿತು. ಎಂಬತ್ತರ ದಶಕದ ದಪ್ಪಕ್ಷರದ ಲಾಂಛನಕ್ಕೆ ಈ ಪಾಡು ಬರಲಿಲ್ಲ. ಹಾಗಾಗಿ ಒಂದೇ ಸೆಟ್‌ನಲ್ಲಿ 1987ರ ಪಂದ್ಯ ಸ್ವಚ್ಛ, 1998ರ ಜೂನ್ 28ರಂದು ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಪಂಜರದ ಮೇಲಿಂದ ಕೆಳಗಿನ ಮೇಜಿಗೆ ಎಸೆದ ಪಂದ್ಯ ಮಸುಕು. ಎದೆ ಝಲ್ಲೆನ್ನುವ ಆ ಹೊತ್ತಿಗೂ ಕಣ್ಣು ಆ ಕಲೆಯ ಕಡೆಗೇ ಹೋಗುತ್ತದೆ.

ಸಂಗೀತದ ವಿಷಯ ಇದಕ್ಕಿಂತ ನೋವು. ಇಸಿಡಬ್ಲ್ಯು ಎಂಬ ಇನ್ನೊಂದು ರೆಸ್ಲಿಂಗ್ ಸಂಸ್ಥೆಯಲ್ಲಿ ಸ್ಯಾಂಡ್‌ಮನ್ ಎಂಬ ಆಟಗಾರ ರಿಂಗಿಗೆ ಬರುತ್ತಿದ್ದದ್ದು ಮೆಟಾಲಿಕಾ ರಾಕ್ ತಂಡದ ಹಾಡಿಗೆ, ಜನರ ನಡುವಿನಿಂದ, ಕೈಯಲ್ಲಿ ಬೆತ್ತ ಮತ್ತು ಬಿಯರ್ ಕ್ಯಾನ್ ಹಿಡಿದು. ಇಡೀ ಸಭಾಂಗಣ ಆ ಹಾಡು ಹಾಡುತ್ತಿತ್ತು. ಆ ಸಣ್ಣ ಸಂಸ್ಥೆಯ ಬಲವೇ ಆ ಹಾಡು ಮತ್ತು ಆ ಜನ. ಡಿವಿಡಿಗೆ ಹಾಡಿನ ಹಕ್ಕು ಬೇರೆ ಕೊಳ್ಳಬೇಕು, ಕೊಳ್ಳದಿದ್ದಾಗ ಯಾವುದೋ ಗಿಟಾರ್ ತುಣುಕು ಅಂಟಿಸುತ್ತಾರೆ. ಹಳೇ ಟೇಪಿನಲ್ಲಿ ಹಾಡು, ಜನರ ಕೂಗು, ವಿವರಣೆ ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದರೆ ಹಾಡಿನ ಜೊತೆಗೆ ಕೂಗೂ ಹೋಗುತ್ತದೆ. ಪರದೆಯ ಮೇಲೆ ಸಾವಿರಾರು ಬಾಯಿ ಒಂದು ಹಾಡು ಹಾಡುತ್ತಿರುತ್ತದೆ, ಕಿವಿಗೆ ಬೀಳುವುದು ಇನ್ನೊಂದು. ಈ ಆಟದ ಅರ್ಧ ಜೀವ ಇರುವುದು ಜನರ ದನಿಯಲ್ಲಿ. ಅದನ್ನು ತೆಗೆದ ಮೇಲೆ ಇತಿಹಾಸವೆಂದು ಮಾರುವುದು ಸರಿಯಲ್ಲ, ಇದನ್ನು ನಾನು ಎಷ್ಟು ವರ್ಷವಾದರೂ ಒಪ್ಪುವುದಿಲ್ಲ. ಸೆಟ್ಟಿನ ಮೇಲೆ ಒಂದು ಸಾಲಾದರೂ ಬರೆದಿದ್ದರೆ ಕೊಳ್ಳುವವನಿಗೆ ಗೊತ್ತಾಗುತ್ತಿತ್ತು.

ಮಸುಕಿಗೆ ಮಾತ್ರ ಪರಿಹಾರ ಬಂತು. 2012ರಲ್ಲಿ ಎರಡೂ ಕಡೆಯವರು ರಾಜಿಯಾದರು, ಆಮೇಲಿನ ಸೆಟ್‌ಗಳಲ್ಲಿ ಹಳೇ ಲಾಂಛನ ಇದ್ದಂತೆಯೇ ಇದೆ, ಹೆಸರೂ ಕೇಳುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಅದೇ ಪಂದ್ಯ ಹೊಸದಾಗಿ ಕಾಣುತ್ತದೆ. ಆದ್ದರಿಂದ ಕೊಳ್ಳುವಾಗ ಕಾಲ ನೋಡಿ. ಫ್ಲೇರ್, ಸ್ಟೀಮ್‌ಬೋಟ್, ಸ್ಯಾವೇಜ್, ಆಂದ್ರೆ, ಅಂದರೆ 1997ಕ್ಕೆ ಮೊದಲಿನ ಪಂದ್ಯಗಳು ಬೇಕಾದರೆ ಹಳೇ ಸೆಟ್ ಧಾರಾಳವಾಗಿ ತೆಗೆದುಕೊಳ್ಳಿ, ಅಗ್ಗ. ಆಸ್ಟಿನ್, ರಾಕ್, ಮ್ಯಾನ್‌ಕೈಂಡ್ ಬೇಕಾದರೆ ಹಿಂಬದಿಯ ಇಸವಿ 2013 ಅಥವಾ ನಂತರದ್ದಾಗಿರಲಿ. 1997ರ ಮಾರ್ಚ್ 23ರ ಬ್ರೆಟ್ ಹಾರ್ಟ್-ಆಸ್ಟಿನ್ ಪಂದ್ಯ ಇರುವ ಸೆಟ್ ಸಿಕ್ಕರೆ ಬಿಡಬೇಡಿ. ರಕ್ತ ಸುರಿಯುತ್ತಿದ್ದರೂ ಸೋಲೊಪ್ಪದೆ ಪ್ರಜ್ಞೆ ತಪ್ಪಿದ ಖಳ ಆಸ್ಟಿನ್ ಜನರ ನಾಯಕನಾಗುವುದು, ಗೆದ್ದ ನಾಯಕ ಬ್ರೆಟ್ ಖಳನಾಗುವುದು ಒಂದೇ ಪಂದ್ಯದೊಳಗೆ ಕಣ್ಣೆದುರು ನಡೆಯುತ್ತದೆ.

ಒಂದು ಕೊರತೆ ಯಾವ ಇಸವಿಯ ಸೆಟ್‌ನಲ್ಲೂ ತುಂಬುವುದಿಲ್ಲ. ನನ್ನ ಬಳಿ ಇರುವ ಯಾವುದರಲ್ಲೂ ನಮ್ಮ ಕಡೆಯ ಕಥೆ ಇಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಪೈಲ್ವಾನ ಗಾಮಾನ ಎದುರು ಪೋಲೆಂಡಿನ ಸ್ಟಾನಿಸ್ಲಾಸ್ ಝಿಬಿಸ್ಕೊ ಎರಡೂವರೆ ಗಂಟೆ ಬಹುಪಾಲು ಚಾಪೆ ಕಚ್ಚಿಕೊಂಡೇ ಮಲಗಿದ್ದ. ವಾರದ ನಂತರದ ಮರುಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ನಿಮಿಷದೊಳಗೆ ಕೆಡವಿದ. ಇದೇ ಝಿಬಿಸ್ಕೊ 1925ರಲ್ಲಿ ಅಮೆರಿಕದಲ್ಲಿ ಮೊದಲೇ ಮಾತಾಗಿದ್ದ ಫಲಿತಾಂಶ ಮುರಿದು ವೇಯ್ನ್ ಮನ್ ಎಂಬ ಚಾಂಪಿಯನ್ನನ್ನು ನಿಜವಾಗಿಯೇ ಕೆಡವಿ ಪಟ್ಟ ಕಸಿದವನು. ದಾರಾ ಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಹೆಸರಾಂತ ಆಟಗಾರ ಲೂ ಥೆಸ್‌ನನ್ನು ಸೋಲಿಸಿದ್ದೂ ಹೀಗೆಯೇ ಹೊರಗುಳಿದಿದೆ. ಇವನ್ನು ಓದಿಯೇ ತಿಳಿಯಬೇಕು, ಓದಿಕೊಂಡು ಡಿಸ್ಕ್ ಹಾಕಿದರೆ ನೋಟ ಬದಲಾಗುತ್ತದೆ.

ನನ್ನ ಲೆಕ್ಕದಲ್ಲಿ ಪಂದ್ಯಗಳಿಗೆ ಐದಕ್ಕೆ ಐದು, ಕತ್ತರಿ ಬಿದ್ದ ದನಿಗೆ ಎರಡು. ಒಂದು ಸೆಟ್‌ಗೆ ಸಾವಿರ ರೂಪಾಯಿ ದಾಟಿಸುವುದಿಲ್ಲ. ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವುದಕ್ಕೆ ರೀಜನ್ ಸಂಖ್ಯೆ ಇರುತ್ತದೆ: ಅಮೆರಿಕದ ಡಿಸ್ಕ್ ರೀಜನ್ 1, ಬ್ರಿಟನ್ನಿನದು 2, ನಮ್ಮದು 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಹಣ ಕೊಡುವ ಮೊದಲೇ ಕೇಳಿ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಆಮೇಲೆ ಅದು ಕೊನೆಯದಕ್ಕೇ ಗಟ್ಟಿಯಾಗುತ್ತದೆ. ಅಮೆರಿಕದಲ್ಲಿ ಚಿತ್ರಿಸಿದ ಪಂದ್ಯಕ್ಕೆ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿಸ್ಕೇ ಮೇಲು, ನಮ್ಮ ಕಡೆಯ ಪಾಲ್ ಪದ್ಧತಿಗೆ ಬದಲಿಸಿದ್ದರಲ್ಲಿ ವೇಗದ ನಡೆಗಳು ಎಳೆದಂತೆ ಕಾಣುತ್ತವೆ. ಮಾರುವವರಿಂದ ಡಿಸ್ಕಿನ ಅಡಿಭಾಗ ಮತ್ತು ಅಂಚಿನ ಫೋಟೋ ತರಿಸಿಕೊಳ್ಳಿ, ಡಬ್ಬದ ಮುಖದ ಫೋಟೋದಿಂದ ಏನೂ ತಿಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ತರಿಸುವವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಲು ಹೇಳಿ, ಬಂದ ದಿನವೇ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿ.