ಹಿನ್ನೀರಿನಲ್ಲಿ ರೋಯಿಂಗ್ ಕಲಿಯೋರಿಗೆ: ಮಷೀನು, ತೆಪ್ಪ, ಸಿಂಗಲ್, ಕ್ವಾಡ್, ಇವುಗಳಲ್ಲಿ ಮೊದಲು ಯಾವುದು?

ಬಾಗಲಕೋಟೆಯಲ್ಲಿದ್ದುಕೊಂಡು ರೋಯಿಂಗ್ ಕಲಿಯಬೇಕು ಅನ್ನೋರು ಈಗೀಗ ಜಾಸ್ತಿ ಆಗುತ್ತಿದ್ದಾರೆ. ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಶುರು ಎಲ್ಲಿಂದ ಮಾಡಬೇಕು? ಜಿಮ್ಮಿನ ಮಷೀನಿನ ಮೇಲೋ, ಮೀನುಗಾರರ ತೆಪ್ಪದಲ್ಲೋ, ಒಬ್ಬರೇ ಕೂರುವ ಸಿಂಗಲ್ ದೋಣಿಯಲ್ಲೋ, ನಾಲ್ವರು ಕೂರುವ ಕ್ವಾಡ್‌ನಲ್ಲೋ? ನಾಲ್ಕನ್ನೂ ಮಾಡಿ ನೋಡಿದ್ದೇನೆ. ನನ್ನ ಉತ್ತರ ಕ್ವಾಡ್. ಹಾಗಂತ ಉಳಿದ ಮೂರು ದಂಡ ಅಂತ ಅಲ್ಲ, ಒಂದೊಂದರಿಂದ ಒಂದೊಂದು ಸಿಗುತ್ತದೆ, ಆದರೆ ಯಾವುದರಿಂದ ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ಶುರು ಮಾಡಿದವರು ಬೇಗ ಬಿಟ್ಟುಬಿಡುತ್ತಾರೆ. ಅದೇ ನನಗೆ ಬೇಜಾರು.

ಯಾಕಂದರೆ ನಮಗೆ ಸಿಕ್ಕಿರುವಂಥ ನೀರು ಎಲ್ಲರಿಗೂ ಸಿಗೋದಿಲ್ಲ. ಆಲಮಟ್ಟಿ ಡ್ಯಾಂ ತುಂಬಿ ಮಟ್ಟ 519.6 ಮೀಟರಿಗೆ ಬಂದಾಗ ಹಿನ್ನೀರು ಘಟಪ್ರಭೆಯ ಪಾತ್ರದೊಳಗೆ ಒತ್ತಿಕೊಂಡು ಬಂದು ಹಳೇ ಊರಿನ ಅಂಚಿಗೆ ನಿಲ್ಲುತ್ತದೆ. ಹರಿವು ಇಲ್ಲ, ಸುಳಿ ಇಲ್ಲ, ಗಾಳಿ ಇಲ್ಲದ ಮುಂಜಾನೆ ಒಂದು ಅಲೆಯೂ ಇರೋದಿಲ್ಲ. ಈ ನೀರಿಗಾಗಿ ಎಷ್ಟೋ ಮನೆತನಗಳು ಹಳೇ ಬಾಗಲಕೋಟೆ ಬಿಟ್ಟು ನವನಗರ ಸೇರಿದವು. ಮನೆ ಹೊಲ ಕೊಟ್ಟ ಊರಿನ ಮಕ್ಕಳು ಆ ನೀರನ್ನು ದೂರದಿಂದ ನೋಡೋದಷ್ಟೇ ಆಗಬಾರದು, ಅದರ ಮೇಲೆ ದೋಣಿ ನಡೆಸಬೇಕು ಅನ್ನೋದು ನನ್ನ ದೊಡ್ಡ ಆಸೆ.

ಮೊದಲು ಮಷೀನು. ರೋಯಿಂಗ್ ಮಷೀನು ಈಗ ದೊಡ್ಡ ಜಿಮ್ಮುಗಳಲ್ಲಿ ಇರುತ್ತದೆ, ಕಾನ್ಸೆಪ್ಟ್‌2 ಕಂಪನಿಯದಾದರೆ ಲಕ್ಷ ರೂಪಾಯಿಗೂ ಮೇಲೆ, ಹಾಗಾಗಿ ಮನೆಗೆ ತರುವ ಮಾತು ಬೇಡ. ಇದರ ಮೇಲೆ ಕಲಿಯೋದು ಒಂದೇ ವಿಷಯ, ಆದರೆ ಅದು ದೊಡ್ಡ ವಿಷಯ: ಮೈಯ ಯಾವ ಭಾಗ ಯಾವಾಗ ಕೆಲಸ ಮಾಡಬೇಕು ಅನ್ನೋದು. ಹುಟ್ಟು ಹಾಕೋದು ತೋಳಿನ ಕೆಲಸ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ರೋಯಿಂಗ್ ಕೋಚ್‌ಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಬೇರೆ. ಬಲದಲ್ಲಿ ಸುಮಾರು 60 ಪಾಲು ಕಾಲಿನದು, 30 ಸೊಂಟ ಬೆನ್ನಿನದು, ತೋಳಿನದು ಹತ್ತೇ. ಜೋಳದ ಚೀಲ ನೆಲದಿಂದ ಎತ್ತುವಾಗ ಮೊದಲು ಕಾಲು ಒತ್ತುತ್ತದೆ, ಆಮೇಲೆ ಬೆನ್ನು ನೆಟ್ಟಗಾಗುತ್ತದೆ, ಕೊನೆಗೆ ಕೈ ಸೇರುತ್ತದೆ, ಇಲ್ಲೂ ಅದೇ ಕ್ರಮ. ವಾಪಸ್ ಬರುವಾಗ ಉಲ್ಟಾ, ಮೊದಲು ಕೈ ಚಾಚಬೇಕು, ಆಮೇಲೆ ಸೊಂಟ ಬಾಗಬೇಕು, ಕೊನೆಗೆ ಮಂಡಿ ಮಡಚಬೇಕು. ಈ ಕ್ರಮ ಮೈಗೆ ಹತ್ತೋವರೆಗೆ ಮಷೀನಿಗಿಂತ ಒಳ್ಳೇ ಜಾಗ ಇಲ್ಲ. ಪಕ್ಕದ ಕನ್ನಡಿಯಲ್ಲಿ ನೋಡಿಕೊಂಡು ತಿದ್ದಿಕೊಳ್ಳಬಹುದು.

ಒಂದು ಮಾತು. ಮಷೀನಿನ ಪಕ್ಕದಲ್ಲಿರುವ, ಎಳೆತ ಭಾರ ಹಗುರ ಮಾಡುವ ಡ್ಯಾಂಪರ್ ಕಡ್ಡಿಯನ್ನು ಹತ್ತಕ್ಕೆ ಏರಿಸಿ ಎಳೆಯುವವರನ್ನು ಎಲ್ಲ ಜಿಮ್ಮಲ್ಲೂ ನೋಡುತ್ತೇನೆ, ಅದರಿಂದ ಸೊಂಟ ಹಿಡಿಯುತ್ತದೆ ಅಷ್ಟೆ. ಮೂರರಿಂದ ಐದರೊಳಗೆ ಇಡಿ, ನಿಮಿಷಕ್ಕೆ 18ರಿಂದ 22 ಎಳೆತ ಸಾಕು.

ಆದರೆ ಮಷೀನು ಅಲುಗೋದಿಲ್ಲ. ಅದರ ಹಿಡಿಕೆ ಒಂದೇ, ಸರಿಯಾಗಿ ನಡುವೆ ಬರುತ್ತದೆ. ದೋಣಿಯಲ್ಲಿ ಎರಡು ಹುಟ್ಟು, ಎರಡರ ಹಿಡಿಕೆಯೂ ನಡುವಲ್ಲಿ ಒಂದರ ಮೇಲೊಂದು ಬರುತ್ತವೆ, ಎಡಗೈ ಮೇಲೆ ಹೋಗಬೇಕು, ಬಲಗೈ ಕೆಳಗೆ. ಮತ್ತೆ, ಮಷೀನಿನ ಮೇಲೆ ಸೀಟು ಜೋರಾಗಿ ಜಾರಿಸಿಕೊಂಡು ವಾಪಸ್ ಬಂದರೂ ಏನೂ ಆಗೋದಿಲ್ಲ, ದೋಣಿಯಲ್ಲಿ ಹಾಗೆ ಮಾಡಿದರೆ ನಿಮ್ಮ ಇಡೀ ಮೈಭಾರ ದೋಣಿ ಹೋಗುತ್ತಿರುವ ದಿಕ್ಕಿಗೆ ವಿರುದ್ಧ ಹೋಗಿ ಬಡಿಯುತ್ತದೆ, ಆಗಷ್ಟೇ ಎಳೆದು ಗಳಿಸಿದ ವೇಗ ಅಲ್ಲೇ ಸಾಯುತ್ತದೆ. ತಿಂಗಳುಗಟ್ಟಲೆ ಮಷೀನು ಎಳೆದು ಗಟ್ಟಿಯಾದವರು ದೋಣಿಗೆ ಬಂದಾಗ ತಡವರಿಸೋದು ಇಲ್ಲೇ.

ಇನ್ನು ತೆಪ್ಪ. ಇದನ್ನು ಯಾಕೆ ಹೋಲಿಕೆಗೆ ತಂದೆ ಅಂತ ಕ್ಲಬ್ಬಿನ ಕೆಲವರು ಕೇಳಿದರು. ತೆಪ್ಪ ಗುಂಡಗೆ ಇರುತ್ತದೆ, ಒಂದೇ ಹುಟ್ಟು, ಹೋಗುವ ಕಡೆ ಮುಖ ಮಾಡಿ ಕೂತು ನೀರನ್ನು ತನ್ನ ಕಡೆ ಎಳೆದುಕೊಳ್ಳೋದು. ರೋಯಿಂಗ್‌ನಲ್ಲಿ ಹೋಗುವ ಕಡೆ ಬೆನ್ನು. ಎಳೆತದ ರೀತಿಯಲ್ಲಿ ಎರಡಕ್ಕೂ ಏನೂ ಸಂಬಂಧ ಇಲ್ಲ, ಒಪ್ಪುತ್ತೇನೆ. ತೆಪ್ಪಕ್ಕೆ ಮೂತಿಯೂ ಇಲ್ಲ ಬಾಲವೂ ಇಲ್ಲ, ಹುಟ್ಟನ್ನು ಒಂದೇ ಬದಿಗೆ ಎಳೆದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ.

ಆದರೆ ಹಿನ್ನೀರನ್ನು ಓದೋದು ನಾನು ಕಲಿತದ್ದು ತೆಪ್ಪದಲ್ಲೇ. ಮೀನು ಹಿಡಿಯುವ ಕಾಕಾ ಒಬ್ಬರು ಬೆಳಕು ಹರಿಯೋ ಮುಂಚೆ ಬಲೆ ತೆಗೆಯಲು ಹೋಗುವಾಗ ಕೂರಿಸಿಕೊಳ್ಳುತ್ತಿದ್ದರು. ನನಗೆ ಸಪಾಟಾಗಿ ಕಾಣುವ ನೀರಲ್ಲಿ ಅವರಿಗೆ ಕೆಳಗಿನ ಹೊಲ, ಬದು, ಬಾವಿ ಎಲ್ಲ ಕಾಣುತ್ತಿದ್ದವು. "ಅಲ್ಲಿ ನೀರು ಸಣ್ಣಗ ನಡುಗತೈತಿ ನೋಡು ತಮ್ಮಾ, ಅದರ ಕೆಳಗ ಜಾಲಿಗಿಡ ಐತಿ. ಆ ಬಾಜು ಹೋಗಬ್ಯಾಡ, ಬಲಿ ಹರೀತೈತಿ" ಅಂದರು ಒಮ್ಮೆ. ನಮ್ಮ ದೋಣಿಗಳ ಕೆಳಗಿರುವ ಸಣ್ಣ ರೆಕ್ಕೆ ಅಂಥ ಟೊಂಗೆಗೆ ತಾಗಿದರೆ ಮುರಿಯುತ್ತದೆ. ನೀರು ಇಳಿಯುತ್ತಾ ಬಂದ ಹಾಗೆ ಇಂಥ ಜಾಗ ಹೆಚ್ಚಾಗುತ್ತವೆ, ನಿನ್ನೆ ಇದ್ದ ದಾರಿ ಹದಿನೈದು ದಿನ ಬಿಟ್ಟು ಇರೋದಿಲ್ಲ. ಪಡುವಣದಲ್ಲಿ ನೀರಿನ ಬಣ್ಣ ಕಪ್ಪಾದರೆ ಗಾಳಿ ಬರುತ್ತಿದೆ ಅಂತ ಅರ್ಥ, ಆಗ ದಡದ ಕಡೆ ತಿರುಗಬೇಕು, ಇದನ್ನೂ ಅವರೇ ಹೇಳಿದ್ದು. ಯಾವ ಕೋಚ್ ಬಳಿಯೂ ಇದು ಸಿಗೋದಿಲ್ಲ. ಹೋಗೋದಾದರೆ ಲೈಫ್ ಜಾಕೆಟ್ ನಿಮ್ಮದೇ ಒಯ್ಯಿರಿ, ಕಾಕಾನ ಕೆಲಸದ ಹೊತ್ತಲ್ಲಿ ಸುಮ್ನೆ ಫೋಟೋ ತೆಗೆಯುತ್ತಾ ಕೂರಬೇಡಿ, ಬಲೆಗೆ ಒಂದು ಕೈ ಹಾಕಿ.

ಸಿಂಗಲ್ ಬಗ್ಗೆ ಎಲ್ಲರಿಗೂ ಮೋಹ. ನೋಡೋಕೆ ಅಷ್ಟು ಚೆಂದ. ಪಂದ್ಯದ ಸಿಂಗಲ್ ಸುಮಾರು ಎಂಟು ಮೀಟರ್ ಉದ್ದ, ನೀರಿಗೆ ತಾಗುವ ಜಾಗದಲ್ಲಿ ಅಗಲ ಒಂದು ಅಡಿ ಆಸುಪಾಸು, ಪಂದ್ಯದ ನಿಯಮದ ಪ್ರಕಾರ ಕನಿಷ್ಠ ತೂಕ 14 ಕಿಲೋ. ಕಲಿಯುವವರಿಗೆ ಇದಕ್ಕಿಂತ ಅಗಲದ, ಭಾರದ ದೋಣಿ ಕೊಡುತ್ತಾರೆ, ಆದರೂ ಅಲುಗಾಟ ಅಲುಗಾಟವೇ. ದೋಣಿಯನ್ನು ನೆಟ್ಟಗೆ ಹಿಡಿದಿಡೋದು ಎರಡು ಕಡೆ ಚಾಚಿಕೊಂಡಿರುವ ಹುಟ್ಟುಗಳು. ಒಂದೊಂದು ಸುಮಾರು 2.9 ಮೀಟರ್ ಉದ್ದ. ಎರಡೂ ಬ್ಲೇಡ್, ಅಂದರೆ ಹುಟ್ಟಿನ ತುದಿಯ ಅಗಲದ ಭಾಗ, ನೀರಿನ ಮೇಲೆ ಚಪ್ಪಟೆ ಇದ್ದು, ಎರಡೂ ಹಿಡಿಕೆ ನಿಮ್ಮ ಕೈಯಲ್ಲಿ ಒಟ್ಟಿಗೆ ಇರೋವರೆಗೆ ದೋಣಿ ಮಗುಚೋದು ಕಷ್ಟ. ಒಂದು ಹಿಡಿಕೆ ಬಿಟ್ಟು ಬೆವರು ಒರೆಸಲು ಕೈ ಎತ್ತಿದರೆ ಮುಗಿಯಿತು.

ಮಗುಚೋದು ಎಲ್ಲರಿಗೂ ಆಗುತ್ತದೆ, ಅದು ಅಂಜುವ ವಿಷಯ ಅಲ್ಲ. ದೋಣಿಗೇ ಬಿಗಿದಿರುವ ಶೂನಿಂದ ಪಾದ ಬಿಡಿಸಿಕೊಂಡು ಹೊರಗೆ ಬರಬೇಕು, ದೋಣಿಯನ್ನು ಹಿಡಿದುಕೊಳ್ಳಬೇಕು, ದಡ ಹತ್ತಿರ ಕಂಡರೂ ದೋಣಿ ಬಿಟ್ಟು ಈಜಬಾರದು. ದೋಣಿ ಮುಳುಗೋದಿಲ್ಲ, ನೀವು ಸುಸ್ತಾಗುತ್ತೀರಿ. ನನ್ನ ತಕರಾರು ಬೇರೆ. ಸಿಂಗಲ್‌ನಲ್ಲಿ ಕೂತ ಹೊಸಬರ ಪೂರ್ತಿ ಗಮನ ಬೀಳದೆ ಇರೋದರ ಮೇಲೇ ಇರುತ್ತದೆ. ಭುಜ ಕಿವಿಗೆ ಬರುತ್ತದೆ, ಹಿಡಿತ ಬಿಗಿಯಾಗುತ್ತದೆ, ಅರ್ಧ ಎಳೆತಕ್ಕೇ ಕೈ ನಿಲ್ಲುತ್ತದೆ. ಕಾಲು ಒತ್ತೋದು, ಬ್ಲೇಡ್ ಸರಿಯಾಗಿ ಇಳಿಸೋದು ಇವಕ್ಕೆ ಮನಸ್ಸೇ ಉಳಿಯೋದಿಲ್ಲ. ಒಂದು ಲಾಭ ಮಾತ್ರ ಬೇರೆ ಎಲ್ಲೂ ಇಲ್ಲ: ದೋಣಿ ಸೊಟ್ಟ ಹೋದರೆ ಕಾರಣ ನೀವೇ, ಹುಡುಕೋಕೆ ಬೇರೆಯವರು ಇರೋದಿಲ್ಲ, ಹಾಗಾಗಿ ತಿದ್ದಿಕೊಳ್ಳೋದು ಬೇಗ.

"ದತ್ತು ಭೋಕನಳ್ ಸಿಂಗಲ್‌ನಲ್ಲೇ ಒಲಿಂಪಿಕ್ಸ್‌ಗೆ ಹೋದರಲ್ಲ" ಅಂತ ಒಬ್ಬರು ವಾದ ಮಾಡಿದರು. ಹೌದು, ನಾಸಿಕ್ ಜಿಲ್ಲೆಯ ಬರದ ಊರಿನ ಹುಡುಗ, ಬಾವಿ ತೋಡಿ ದುಡಿದವರು, 2016ರಲ್ಲಿ ರಿಯೊದಲ್ಲಿ ಸಿಂಗಲ್ ಓಡಿಸಿ 13ನೇ ಸ್ಥಾನ ಪಡೆದರು. ನನಗೆ ಅವರ ಮೇಲೆ ತುಂಬ ಗೌರವ. ಆದರೆ ಅವರು ಕಲಿತದ್ದು ಪುಣೆಯಲ್ಲಿ, ಸೇನೆಯಲ್ಲಿದ್ದಾಗ, ಕೋಚ್‌ಗಳ ಕಣ್ಣೆದುರು. ನೌಕರಿಗೆ ಹೋಗೋ ಮುಂಚೆ ಒಂದು ತಾಸು ಬಿಡುವು ಮಾಡಿಕೊಂಡು ಬರುವ ನಮ್ಮ ಲೆಕ್ಕ ಬೇರೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಅವರಿಗೆ ಚಿನ್ನ ಬಂದದ್ದು ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖಮೀತ್ ಸಿಂಗ್ ಜೊತೆ ಕೂತ ಕ್ವಾಡ್‌ನಲ್ಲಿ ಅನ್ನೋದನ್ನೂ ನೆನಪಿಡಬೇಕು.

ಈಗ ಕ್ವಾಡ್. ನಾಲ್ವರು, ಒಬ್ಬೊಬ್ಬರಿಗೆ ಎರಡು ಹುಟ್ಟು, ಕಲಿಯುವ ದೋಣಿಯಾದರೆ ದಾರಿ ನೋಡಿ ಹೇಳಲು ಐದನೆಯವರಾಗಿ ಕಾಕ್ಸ್. ಇಲ್ಲಿ ಹೊಸಬರಿಗೆ ಸಿಗುವ ಸೌಕರ್ಯ ಏನಂದರೆ, ಇಬ್ಬರು ಹುಟ್ಟು ಹಾಕುವಾಗ ಉಳಿದ ಇಬ್ಬರು ತಮ್ಮ ಬ್ಲೇಡ್‌ಗಳನ್ನು ನೀರಿನ ಮೇಲೆ ಚಪ್ಪಟೆ ಒರಗಿಸಿ ಕೂರುತ್ತಾರೆ. ದೋಣಿ ಅಲುಗೋದು ನಿಂತುಬಿಡುತ್ತದೆ. ಬೀಳುವ ಭಯ ಹೋದ ಕೂಡಲೇ ಭುಜ ತಾನಾಗಿ ಇಳಿಯುತ್ತದೆ. ಮೊದಲು ಬರೀ ತೋಳಿನಿಂದ ಎಳೆಸುತ್ತಾರೆ, ಆಮೇಲೆ ತೋಳು ಮತ್ತು ಸೊಂಟ, ಆಮೇಲೆ ಸೀಟು ಕಾಲು ಭಾಗ ಜಾರಿಸಿ, ಅರ್ಧ ಜಾರಿಸಿ, ಕೊನೆಗೆ ಪೂರ್ತಿ. ಮಷೀನಿನ ಮೇಲೆ ಕಲಿತ ಕ್ರಮ ನೀರಿಗೆ ಇಳಿಯೋದು ಈ ಹಂತಗಳಲ್ಲೇ.

ನನಗೆ ಕ್ವಾಡೇ ಸರಿ ಅನ್ನಿಸಿದ್ದು ಬ್ಲೇಡ್ ಸಿಕ್ಕಿಬೀಳುವ ವಿಷಯದಲ್ಲಿ. ಬ್ಲೇಡ್ ನೀರಿಗೆ ನೇರ ಇಳಿಯದೆ ಸ್ವಲ್ಪ ಓರೆಯಾಗಿ ಇಳಿದರೆ, ಓಡುತ್ತಿರುವ ದೋಣಿಯ ವೇಗಕ್ಕೆ ನೀರು ಅದನ್ನು ಕೆಳಗೆ ಎಳೆದುಕೊಳ್ಳುತ್ತದೆ. ಬ್ಲೇಡ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಹಿಡಿಕೆ ಮಾತ್ರ ಎದೆಗೆ ಬಂದು ಒತ್ತುತ್ತದೆ, ಪಕ್ಕೆಲುಬಿಗೆ ಚೆನ್ನಾಗಿ ತಾಗುತ್ತದೆ. ಹೊಸಬರಿಗೆ ಇದು ಪದೇ ಪದೇ ಆಗುವಂಥದ್ದು. ಸಿಂಗಲ್‌ನಲ್ಲಿ ಆದರೆ ನೇರ ನೀರಿಗೆ. ಕ್ವಾಡ್‌ನಲ್ಲಿ ಕಾಕ್ಸ್ "ಸಾಕು, ನಿಲ್ಲಿಸಿ" ಅನ್ನುತ್ತಾರೆ, ದೋಣಿ ನಿಲ್ಲುತ್ತದೆ, ನೀವು ಹಿಡಿಕೆ ಕೆಳಗೆ ಒತ್ತಿ ಬ್ಲೇಡ್ ಬಿಡಿಸಿಕೊಳ್ಳುತ್ತೀರಿ, ಮತ್ತೆ ಶುರು. ಯಾಕೆ ಸಿಕ್ಕಿಬಿತ್ತು ಅಂತ ಯೋಚಿಸಲು ಆ ಅರ್ಧ ನಿಮಿಷ ಸಿಗುತ್ತದೆ, ಮಣಿಕಟ್ಟು ತಿರುಗಿಸೋದು ತಡವಾಯಿತು ಅಂತ ಅಲ್ಲೇ ತಿಳಿಯುತ್ತದೆ.

ಇನ್ನೊಂದು, ಎದುರಿನವರ ಬೆನ್ನು. ಅದು ಯಾವಾಗ ಬಾಗುತ್ತದೋ ಆಗ ನೀವೂ ಬಾಗಬೇಕು. ಸುಮ್ನೆ ನೋಡುತ್ತಾ ಇದ್ದರೆ ಹದ ಮೈಗೆ ಬರುತ್ತದೆ. ನಾಲ್ವರ ಎಂಟು ಬ್ಲೇಡ್ ಒಟ್ಟಿಗೆ ತಿರುಗಿದಾಗ ಹುಟ್ಟು ಕೂರುವ ಕೊಂಡಿಗಳಲ್ಲಿ ಒಂದೇ ಸದ್ದು ಬರುತ್ತದೆ, ಟಕ್. ಚದುರಿದರೆ ಟಕ್ಕಟಕ್ಕ ಅಂತ ನಾಲ್ಕು ಸದ್ದು. ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ.

ಕ್ವಾಡ್‌ನ ತೊಂದರೆಗಳೂ ಸಣ್ಣವಲ್ಲ. ಐವರು ಒಂದೇ ಹೊತ್ತಿಗೆ ಬರಬೇಕು. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಶಿಫ್ಟು, ಅಷ್ಟಕ್ಕೇ ದೋಣಿ ದಡದಲ್ಲೇ ಉಳಿಯುತ್ತದೆ. ಗಟ್ಟಿ ಇರುವವರ ಜೊತೆ ಕೂತರೆ ನಿಮ್ಮ ಎಳೆತ ಪೊಳ್ಳಾಗಿದ್ದರೂ ದೋಣಿ ಓಡುತ್ತದೆ, ಹಾಗಾಗಿ ತಪ್ಪು ಎಲ್ಲಿದೆ ಅಂತ ನಿಮಗೇ ಗೊತ್ತಾಗದೆ ಹೋಗಬಹುದು. ಅದಕ್ಕೇ ಕ್ವಾಡ್‌ನಲ್ಲಿ ಬ್ಲೇಡ್ ಹಿಡಿತಕ್ಕೆ ಬಂದ ಮೇಲೆ ಸಿಂಗಲ್‌ಗೆ ಹೋಗಲೇಬೇಕು. ಆಗ ಸಿಂಗಲ್ ಕಲಿಸುವಷ್ಟು ಬೇರೆ ಯಾವುದೂ ಕಲಿಸೋದಿಲ್ಲ.

ಈಜು ಬಾರದವರು ಮೊದಲು ಈಜು ಕಲಿತು ಬನ್ನಿ, ಇದರಲ್ಲಿ ರಿಯಾಯಿತಿ ಬೇಡ. ಸೊಂಟ ನೋವಿನವರು ಮಷೀನಿನ ಮೇಲೆ ನಿಧಾನವಾಗಿ ಮೈ ಹದ ಮಾಡಿಕೊಂಡು, ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ ನೀರಿಗೆ ಬರೋದು ಒಳ್ಳೆಯದು. ಅಂಗೈಗೆ ಬೊಬ್ಬೆ ಏಳುತ್ತವೆ. ಗ್ಲೌಸ್ ಹಾಕಿಕೊಂಡರೆ ಹಿಡಿಕೆಯ ಅಂದಾಜು ತಪ್ಪುತ್ತದೆ, ಬರಿಗೈಯಲ್ಲೇ ಇರಲಿ, ಕೈ ಗಟ್ಟಿಯಾಗುತ್ತದೆ.

ಹಂಗಾಮು ನೋಡಿಕೊಂಡು ಆರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ನೀರು ತುಂಬುತ್ತಿರುತ್ತದೆ, ಆದರೆ ಪಡುವಣ ಗಾಳಿ ಬಿಡೋದಿಲ್ಲ, ಆಗ ಮಷೀನು. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಮುಂಜಾನೆಗಳನ್ನು ಕ್ವಾಡ್‌ಗೆ ಇಡಿ, ಗಾಳಿ ಏಳೋ ಮುಂಚೆ ದಡ ಸೇರಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರು, ಗಿಡದ ಬೊಡ್ಡೆ, ಹಳೇ ಗೋಡೆ ಮೇಲೆ ಬಂದಾಗ ಉದ್ದನೆಯ ದೋಣಿ ಇಳಿಸಬೇಡಿ. ಆಗ ಮೀನುಗಾರ ಕಾಕಾನ ಜೊತೆ ತೆಪ್ಪದಲ್ಲಿ ಹೋಗಿ ಯಾವ ಬೊಡ್ಡೆ ಎಲ್ಲಿದೆ ಅಂತ ಗುರುತು ಮಾಡಿಕೊಂಡು ಬನ್ನಿ, ಮುಂದಿನ ವರ್ಷ ಅವೆಲ್ಲ ಮತ್ತೆ ನೀರಿನ ಕೆಳಗೇ ಇರುತ್ತವೆ.