ಘಟಶ್ರಾದ್ಧ ನೋಡೋದಾ, ತಿಥಿ ನೋಡೋದಾ?

ನಮ್ಮೂರಿನ ಸಮುದಾಯ ಭವನದಲ್ಲಿ ಎರಡು ಶನಿವಾರ, ಎರಡು ಸಿನಿಮಾ. ಒಂದಕ್ಕಷ್ಟೇ ಬಿಡುವಿದೆ ಅನ್ನುವವರಿಗಾಗಿ ಇದು.

ಎರಡರ ಕೇಂದ್ರದಲ್ಲೂ ಸಾವಿನ ಕರ್ಮವಿದೆ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದಲ್ಲಿ (1977) ಅದು ಬದುಕಿರುವ ಹೆಣ್ಣಿಗೇ ಮಾಡುವ ಶ್ರಾದ್ಧ. ಬಾಲವಿಧವೆ ಯಮುನಕ್ಕ ಬಸುರಿ. ಊರು ಅವಳನ್ನು ದೂಡುವುದನ್ನು ವೇದ ಕಲಿಯಲು ಬಂದ ಪುಟ್ಟ ನಾಣಿ ನೋಡುತ್ತಾನೆ. ಅವಳು ಹುತ್ತಕ್ಕೆ ಕೈಯಿಡುವ ದೃಶ್ಯದಲ್ಲಿ ಉಸಿರು ಬಿಗಿಯಾಗುತ್ತದೆ. ಕಪ್ಪು-ಬಿಳುಪು ಚಿತ್ರ, ರಾತ್ರಿಯ ದೃಶ್ಯಗಳು ಬಹಳ. ಹಾಗಾಗಿ ಕಿಟಕಿ ಪರದೆ ಪೂರ್ತಿ ಎಳೆದ ಕತ್ತಲಲ್ಲೇ ನೋಡಬೇಕು, ಮೊಬೈಲಿನಲ್ಲಿ ನೋಡಿದರೆ ಅರ್ಧ ಕಳೆದುಕೊಂಡ ಹಾಗೆ. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ, ಸ್ವರ್ಣಕಮಲ ಪ್ರಶಸ್ತಿ.

ರಾಮ್ ರೆಡ್ಡಿಯವರ 'ತಿಥಿ' (2015) ಬೇರೆಯೇ ಹದ. ದಾರಿಹೋಕರನ್ನೆಲ್ಲ ಬೈಯುತ್ತ ಕೂತ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಮೊಮ್ಮಗನಿಗೆ ಜಮೀನು ಮಾರುವ ಆತುರ, ಮಗ ಗಡ್ಡಪ್ಪನಿಗೆ ಯಾವುದರ ಗೊಡವೆಯೂ ಇಲ್ಲ. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರೇ. ಮಾತು ಆ ಕಡೆಯದು, ಮಲೆನಾಡಿನವರಿಗೆ ಮೊದಲ ಹತ್ತು ನಿಮಿಷ ಕಿವಿ ಹೊಂದಬೇಕು. ಜನ ತುಂಬಿದಷ್ಟೂ ನಗು ಹೆಚ್ಚು.

ಅಪ್ಪ-ಅಮ್ಮನ ಜೊತೆ ಬರುವವರಿಗೆ 'ತಿಥಿ' ಹಗುರ. ಬೈಗುಳ ಧಾರಾಳವಾಗಿದೆ, ಮಕ್ಕಳಿದ್ದರೆ ಯೋಚಿಸಿ. ನನ್ನನ್ನು ಕೇಳಿದರೆ, 'ಘಟಶ್ರಾದ್ಧ'ವನ್ನು ದೊಡ್ಡ ಪರದೆಯಲ್ಲಿ ನೋಡುವ ಅವಕಾಶ ಅಪರೂಪ. ಒಂದೇ ಸಂಜೆ ಇದ್ದರೆ ಅದಕ್ಕೇ ಬನ್ನಿ.