ಮಳೆಗಾಲದ ಜ್ವರದ ಅಧ್ಯಯನಕ್ಕೆ ಮಾಹಿತಿ ದಾಖಲಿಸುವುದು ಹೇಗೆ: ಪ್ರೊಫಾರ್ಮಾ, ಸ್ಪ್ರೆಡ್‌ಶೀಟ್, ಬಾಡಿಗೆಯ ತಂತ್ರಾಂಶ ಮತ್ತು ಒಂದು ಟ್ಯಾಬ್

ಮಂಗಳೂರಿನ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಂದ ಮಳೆಗಾಲದ ಜ್ವರಗಳ ಅಧ್ಯಯನ ಮಾಡಿಸುವುದು ನನ್ನ ಕೆಲಸದ ಒಂದು ಭಾಗ. ಹಂಪನಕಟ್ಟೆಯ ಅಂಗಡಿಯಲ್ಲಿ ಸುಮಾರು 11,000 ರೂಪಾಯಿಗೆ ಕೊಂಡ ಸಾಧಾರಣ ಆಂಡ್ರಾಯ್ಡ್ ಟ್ಯಾಬ್ ಮತ್ತು ಅದರಲ್ಲಿ ಹಾಕಿಕೊಂಡ ಕೋಬೋ ಎಂಬ ಉಚಿತ ತಂತ್ರಾಂಶದಿಂದ ಈ ಕೆಲಸಕ್ಕೆ ಆದ ಪ್ರಯೋಜನವು, ಅದಕ್ಕೆ ಮೊದಲು ವಿಭಾಗದ ಹಣದಲ್ಲಿ ವರ್ಷದ ಬಾಡಿಗೆಗೆ ತಂದಿದ್ದ ದುಬಾರಿ ವ್ಯವಸ್ಥೆಯಿಂದ ಆಗಲಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಯಾವುದರಲ್ಲಿ ಎಷ್ಟು ಬಗೆಯ ಪ್ರಶ್ನೆಗಳಿವೆ, ಎಷ್ಟು ಬಣ್ಣದ ಗ್ರಾಫ್ ಬರುತ್ತದೆ ಎಂಬ ವಿವರಗಳು ಆಯಾ ತಂತ್ರಾಂಶದ ಪುಟದಲ್ಲೇ ಸಿಗುತ್ತವೆ, ಅವನ್ನು ಬಿಟ್ಟಿದ್ದೇನೆ. ನಾನು ನೋಡಿದ್ದು ಒಂದನ್ನೇ: ತಪ್ಪು ಮಾಹಿತಿಯನ್ನು ಇದು ಯಾವಾಗ ಹಿಡಿಯುತ್ತದೆ, ರೋಗಿ ಇನ್ನೂ ಹಾಸಿಗೆಯಲ್ಲಿರುವಾಗಲೋ, ಡಿಸ್ಚಾರ್ಜ್ ಆಗಿ ಊರಿಗೆ ಹೋದ ಮೇಲೋ?

ಈ ಪ್ರಶ್ನೆ ಜ್ವರದ ಅಧ್ಯಯನದಲ್ಲಿ ಏಕೆ ಇಷ್ಟು ದೊಡ್ಡದೆಂದು ಹೇಳಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಜ್ವರವೆಂದು ಬರುವವರಲ್ಲಿ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರೂ ಇರುತ್ತವೆ, ಮೊದಲ ನೋಟಕ್ಕೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಪರೀಕ್ಷೆಯೊಂದು ಎಷ್ಟು ಉಪಯುಕ್ತ ಎಂಬುದು ನಿಂತಿರುವುದು ಅದನ್ನು ಜ್ವರದ ಎಷ್ಟನೇ ದಿನ ಮಾಡಿದೆವು ಎಂಬುದರ ಮೇಲೆ. ಡೆಂಗ್ಯೂ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ನಾಲ್ಕೈದು ದಿನಗಳಲ್ಲಿ ಹೆಚ್ಚು ಉಪಯುಕ್ತ, ರೋಗದ ವಿರುದ್ಧ ದೇಹವೇ ತಯಾರಿಸುವ ಐಜಿಎಂ ಪ್ರತಿಕಾಯ ಆಮೇಲೆ ಏರುತ್ತದೆ. ಇಲಿಜ್ವರದ ರೋಗಾಣುವನ್ನು ಪಿಸಿಆರ್‌ನಿಂದ ರಕ್ತದಲ್ಲಿ ಹುಡುಕುವುದಾದರೆ ಮೊದಲ ವಾರವೇ ಸೂಕ್ತ, ಐಜಿಎಂ ಹುಡುಕುವ ಎಲೈಸಾ ಪರೀಕ್ಷೆ ಮೊದಲ ದಿನಗಳಲ್ಲಿ ನೆಗೆಟಿವ್ ಬಂದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಜ್ವರ ಆರಂಭವಾದ ದಿನಾಂಕವೊಂದು ತಪ್ಪಿದರೆ ಒಳ್ಳೆಯ ಪರೀಕ್ಷೆ ಕೆಟ್ಟದ್ದಾಗಿ, ಕೆಟ್ಟದ್ದು ಒಳ್ಳೆಯದಾಗಿ ಕಾಣುತ್ತದೆ. ಆಂಟಿಬಯೋಟಿಕ್ ಬೇಗ ಶುರುಮಾಡಿದ್ದರಿಂದ ಲಾಭವಾಯಿತೇ ಎಂಬ ಲೆಕ್ಕವೂ ಅದರೊಂದಿಗೇ ಹಾಳಾಗುತ್ತದೆ.

ಮೊದಲು ಕಾಗದದ ಪ್ರೊಫಾರ್ಮಾ, ಅಂದರೆ ರೋಗಿಯ ವಿವರ ತುಂಬುವ ಅಚ್ಚಿನ ನಮೂನೆ. ಅದರ ಬಗ್ಗೆ ನನಗೆ ದ್ವೇಷವಿಲ್ಲ. ರೌಂಡ್ಸ್ ನಡೆಯುತ್ತಿರುವಾಗ ಕಂಕುಳಲ್ಲಿ ಇಟ್ಟುಕೊಂಡು ಬರೆಯಬಹುದು, ಬ್ಯಾಟರಿ ಮುಗಿಯುವುದಿಲ್ಲ, ಹೌಸ್ ಸರ್ಜನ್‌ಗಳಿಗೆ (ಇಂಟರ್ನ್ ವೈದ್ಯರಿಗೆ) ತರಬೇತಿ ಬೇಕಿಲ್ಲ. ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಬೇಕಾದ ಒಪ್ಪಿಗೆ ಪತ್ರವನ್ನು ನಾವು ಈಗಲೂ ಕಾಗದದಲ್ಲೇ ಪಡೆಯುತ್ತೇವೆ. ಆದರೆ ಕಾಗದ ಏನನ್ನೂ ಕೇಳುವುದಿಲ್ಲ. ದಾಖಲಾದ ದಿನಕ್ಕಿಂತ ಜ್ವರ ಬಂದ ದಿನ ಮುಂದಿದ್ದರೂ ಅದು ಸುಮ್ಮನೆ ಬರೆಸಿಕೊಳ್ಳುತ್ತದೆ, ಖಾಲಿ ಬಿಟ್ಟ ಕಡೆ ಖಾಲಿಯಾಗಿಯೇ ಉಳಿಯುತ್ತದೆ. ಆ ಖಾಲಿ ಜಾಗ ಕಣ್ಣಿಗೆ ಬೀಳುವುದು ಎಲ್ಲ ರೋಗಿಗಳ ಮಾಹಿತಿಯನ್ನು ಒಂದೆಡೆ ಸೇರಿಸುವ ಮಾಸ್ಟರ್ ಚಾರ್ಟ್ ತಯಾರಿಸಲು ಕುಳಿತಾಗ. ಆಮೇಲೆ ಆಸ್ಪತ್ರೆಯ ದಾಖಲೆಗಳ ವಿಭಾಗವಾದ ಎಂಆರ್‌ಡಿಯಿಂದ ಕೇಸ್ ಶೀಟ್ ತರಿಸಬೇಕು, ಅದರಲ್ಲಿ ಬರೆದಿರುವುದು ‘ಜ್ವರ, ನಾಲ್ಕೈದು ದಿನ’ ಎಂದು ಮಾತ್ರ.

ಇನ್ನು ಸ್ಪ್ರೆಡ್‌ಶೀಟ್. ನಮ್ಮಲ್ಲಿ ನೂರಕ್ಕೆ ತೊಂಬತ್ತು ಪ್ರಬಂಧಗಳ ಮಾಸ್ಟರ್ ಚಾರ್ಟ್ ಇದರಲ್ಲೇ ತಯಾರಾಗುತ್ತದೆ ಎಂದರೆ ಉತ್ಪ್ರೇಕ್ಷೆ ಇರಲಾರದು. ಲೆಕ್ಕ ಹಾಕುವುದಕ್ಕೆ ಅದರಷ್ಟು ಕೈಗೆ ಒಗ್ಗುವ ಸಾಧನ ಬೇರೆಯಿಲ್ಲ. ಆದರೆ ಆಸ್ಪತ್ರೆಯ ಮಾಹಿತಿ ತುಂಬುವುದಕ್ಕೆ ಅದು ತಕ್ಕದ್ದಲ್ಲ ಎಂಬ ನನ್ನ ಅಭಿಪ್ರಾಯಕ್ಕೆ ದಿನಾಂಕದ ಸಮಸ್ಯೆಯೊಂದೇ ಸಾಕು, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುವವರು. ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ (ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಹಾಗೆಯೇ ಉಳಿದಿರುವುದು ಸಾಮಾನ್ಯ) ಸ್ಪ್ರೆಡ್‌ಶೀಟ್ ಮೊದಲ ಸಂಖ್ಯೆಯನ್ನು ತಿಂಗಳೆಂದು ಓದುತ್ತದೆ. 2024ರ ಆಟಿ ಅಮಾವಾಸ್ಯೆ (ತುಳುನಾಡಿನಲ್ಲಿ ಕಷಾಯ ಕುಡಿಯುವ ದಿನ) ಆಗಸ್ಟ್ 4ರಂದು ಬಂದಿತ್ತು. ಅಂದು ಜ್ವರ ಆರಂಭವಾಗಿ ಆಗಸ್ಟ್ 8ರಂದು ದಾಖಲಾದ ರೋಗಿಯನ್ನು ಊಹಿಸಿಕೊಳ್ಳಿ. 04/08/2024 ಎಂದು ತುಂಬಿದ್ದು ಏಪ್ರಿಲ್ 8 ಆಗುತ್ತದೆ, 08/08/2024 ಮಾತ್ರ ಹೇಗೆ ಓದಿದರೂ ಆಗಸ್ಟ್ 8. ನಾಲ್ಕು ದಿನದ ಜ್ವರ 122 ದಿನದ ಜ್ವರವಾಯಿತು.

ಇಷ್ಟು ದೊಡ್ಡ ಅಸಂಬದ್ಧ ಕಣ್ಣಿಗೆ ಬೀಳದೆ ಇರುವುದಿಲ್ಲ ಎನ್ನಬಹುದು, ನಿಜ. ಕಣ್ಣಿಗೆ ಬೀಳದ ಬಗೆ ಬೇರೆಯಿದೆ. ತಾರೀಕು 12ರೊಳಗಿದ್ದರೆ ಮಾತ್ರ ಈ ಅದಲುಬದಲು ನಡೆಯುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳೆಂಬುದು ಇಲ್ಲ. 13ರಿಂದ ಮುಂದಿನ ತಾರೀಕುಗಳನ್ನು ಅದು ದಿನಾಂಕವೆಂದೇ ಒಪ್ಪದೆ ಬರಿಯ ಅಕ್ಷರಗಳಾಗಿ ಉಳಿಸುತ್ತದೆ. ನೋಡುವವರಿಗೆ ಆ ಸಾಲುಗಳು ಸರಿಯಾಗಿಯೇ ಕಾಣುತ್ತವೆ, ಬೆರಳಿಟ್ಟು ಪರೀಕ್ಷಿಸುವವರು ಸಾಮಾನ್ಯವಾಗಿ ಅಂಥದ್ದನ್ನೇ ಆರಿಸಿ ‘ಸರಿಯಿದೆ’ ಎನ್ನುತ್ತಾರೆ. ಜುಲೈ ತಿಂಗಳ 1ರಿಂದ 12ರವರೆಗೆ ಜ್ವರ ಬಂದವರೆಲ್ಲ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಬ್ಬರಂತೆ ಹಂಚಿಹೋಗಿ, ಪ್ರತಿಯೊಬ್ಬರಿಗೂ ಆಯಾ ತಿಂಗಳ 7ನೇ ತಾರೀಕು ಸಿಗುತ್ತದೆ. ತಿಂಗಳುವಾರು ಪ್ರಕರಣಗಳ ನಕ್ಷೆ ಬಿಡಿಸಿದರೆ ಗದ್ದೆಯಲ್ಲಿ ನೀರಿನ ಹನಿಯಿಲ್ಲದ ಮಾರ್ಚ್‌ನಲ್ಲೂ ಇಲಿಜ್ವರ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿ ‘ಋತುಮಾನದ ಸ್ವರೂಪ ಬದಲಾಗುತ್ತಿದೆ’ ಎಂದು ಚರ್ಚೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆಯುವ ಉತ್ಸಾಹವೂ ಹುಟ್ಟಬಹುದು.

ದಿನಾಂಕವಲ್ಲದ್ದನ್ನೂ ಅದು ಬಿಡುವುದಿಲ್ಲ. ಮೂತ್ರ ಪರೀಕ್ಷೆಯ ವರದಿಯಲ್ಲಿ ಕೀವುಕಣ ‘2-4’ ಎಂದಿದ್ದರೆ ಒಂದು ಕಂಪ್ಯೂಟರಿನಲ್ಲಿ ಫೆಬ್ರವರಿ 4, ಇನ್ನೊಂದರಲ್ಲಿ ಏಪ್ರಿಲ್ 2. ಟೈಟರ್ (ರಕ್ತದ ಸೀರಮ್ಮನ್ನು ಎಷ್ಟು ತೆಳುಮಾಡಿದರೂ ಪ್ರತಿಕಾಯ ಸಿಗುತ್ತದೆ ಎಂಬ ಅಳತೆ) ‘1:40’ ಎಂದು ಕೊಟ್ಟರೆ ಒಂದು ಗಂಟೆ ನಲವತ್ತು ನಿಮಿಷ. ಸೊನ್ನೆಯಿಂದ ಆರಂಭವಾಗುವ ಐಪಿ (ಒಳರೋಗಿ) ನಂಬರಿನ ಸೊನ್ನೆ ಮಾಯ. ಎಡವಟ್ಟು ತಿಳಿದ ಮೇಲೆ ಕಾಲಮ್ಮನ್ನು ಅಕ್ಷರರೂಪಕ್ಕೆ ಬದಲಿಸಿದರೆ ಹಳೆಯದು ಮರಳುವುದಿಲ್ಲ, 45390 ಎಂಬಂಥ ಐದಂಕಿಯ ಸಂಖ್ಯೆಯೊಂದು ನಿಮ್ಮನ್ನು ನೋಡುತ್ತದೆ. ಇದು ನಮ್ಮ ಊರಿನ ತೊಂದರೆ ಮಾತ್ರವಲ್ಲ. ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು, ಸ್ಪ್ರೆಡ್‌ಶೀಟ್‌ಗಳು ದಿನಾಂಕವೆಂದು ತಿಳಿದು ಕೆಡಿಸುತ್ತಿದ್ದ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು. ಜೀನಿನ ಹೆಸರು ಬದಲಿಸಬಹುದು, ಆಗಸ್ಟ್ 4ರ ಹೆಸರನ್ನು ನಾವು ಬದಲಿಸಲಾರೆವು. ಕಾಲಮ್ಮಿನ ಸ್ವರೂಪವನ್ನು ಮೊದಲೇ ನಿಗದಿಪಡಿಸಿದರೆ, ಅಥವಾ ದಿನ, ತಿಂಗಳು, ವರ್ಷಗಳಿಗೆ ಮೂರು ಬೇರೆ ಕಾಲಮ್ ಮಾಡಿದರೆ ಇದನ್ನು ತಪ್ಪಿಸಬಹುದೆಂದು ಸ್ಟ್ಯಾಟಿಸ್ಟಿಶಿಯನ್‌ಗಳು ಹೇಳುತ್ತಾರೆ, ಅದು ಸರಿಯಾದ ಸಲಹೆಯೇ. ಆದರೆ ಒಂದೇ ಕಡತ ಪಿಜಿಯ ಲ್ಯಾಪ್‌ಟಾಪ್, ವಿಭಾಗದ ಕಂಪ್ಯೂಟರ್, ಮನೆಯವರ ಮೊಬೈಲ್ ಎಂದು ತಿರುಗಾಡುವಾಗ ಆ ಶಿಸ್ತು ಉಳಿಯುವುದು ಕಷ್ಟ.

ಗೂಗಲ್ ಫಾರ್ಮ್: ನೆಟ್‌ವರ್ಕ್ ಇಲ್ಲದಿದ್ದರೆ ಇಲ್ಲ, ಎರಡು ಉತ್ತರಗಳನ್ನು ಒಂದಕ್ಕೊಂದು ತಾಳೆನೋಡುವ ಸೌಲಭ್ಯವೂ ಇಲ್ಲ. ಸಿಬ್ಬಂದಿಯ ಅಭಿಪ್ರಾಯ ಸಂಗ್ರಹಕ್ಕೆ ಸಾಕು.

ಎಪಿಡೇಟಾ ಎಂಬ ಹಳೆಯ ಉಚಿತ ತಂತ್ರಾಂಶದ ಮೇಲೆ ನನಗೆ ಗೌರವವಿದೆ. ಡೆನ್ಮಾರ್ಕಿನಿಂದ ಬಂದ ಇದು ಯಾವ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲೂ ಓಡುತ್ತದೆ, ದಿನಾಂಕದ ಕ್ರಮವನ್ನು ನೀವು ಹೇಳಿದಂತೆಯೇ ಇಟ್ಟುಕೊಳ್ಳುತ್ತದೆ, ಇಬ್ಬರು ಬೇರೆಬೇರೆಯಾಗಿ ತುಂಬಿದ ಮಾಹಿತಿಯನ್ನು ಹೋಲಿಸಿ ವ್ಯತ್ಯಾಸ ತೋರಿಸುತ್ತದೆ. ಆದರೆ ಅದು ಹಿಡಿಯುವುದು ಕಾಗದದಿಂದ ಕಂಪ್ಯೂಟರಿಗೆ ಬರುವಾಗಿನ ತಪ್ಪನ್ನು. ಕಾಗದದಲ್ಲೇ ತಪ್ಪಿದ್ದರೆ ಇಬ್ಬರೂ ಅದೇ ತಪ್ಪನ್ನು ನಿಷ್ಠೆಯಿಂದ ತುಂಬುತ್ತಾರೆ.

ಬಾಡಿಗೆಯ ತಂತ್ರಾಂಶದ ವಿಷಯಕ್ಕೆ ಬರುತ್ತೇನೆ. ಕಂಪನಿಯ ಹೆಸರು ಬೇಡ. ಪ್ರದರ್ಶನದಲ್ಲಿ ಎಲ್ಲವೂ ಚೆನ್ನಾಗಿತ್ತು: ತಪ್ಪು ತುಂಬಿದರೆ ಕೆಂಪು ಗುರುತು, ಯಾರು ಯಾವಾಗ ಏನನ್ನು ಬದಲಿಸಿದರೆಂಬ ದಾಖಲೆ, ಔಷಧ ಪ್ರಯೋಗಗಳಿಗೆ ಬೇಕಾಗುವ ಎಲ್ಲ ಶಿಸ್ತು. ತೊಂದರೆಯಿದ್ದದ್ದು ಶುಲ್ಕದ ಕ್ರಮದಲ್ಲಿ, ಏಕೆಂದರೆ ಅವರು ದರ ನಿಗದಿಪಡಿಸಿದ್ದು ಲಾಗಿನ್ ಒಂದಕ್ಕೆ ಇಷ್ಟು ಎಂದು. ನಮ್ಮ ವಾರ್ಡಿನಲ್ಲಿ ಹೌಸ್ ಸರ್ಜನ್‌ಗಳು ಪೋಸ್ಟಿಂಗ್ ಮುಗಿಯುತ್ತಿದ್ದಂತೆ ಬದಲಾಗುತ್ತಾರೆ, ಪಿಜಿಗಳೂ ಐಸಿಯು, ಹೊರರೋಗಿ ವಿಭಾಗ ಎಂದು ಸುತ್ತುತ್ತಿರುತ್ತಾರೆ. ಹೊಸಬರು ಬಂದಾಗಲೆಲ್ಲ ಹೊಸ ಲಾಗಿನ್‌ಗೆ ಪತ್ರ ಬರೆಯಬೇಕು, ಹಳೆಯದನ್ನು ಮುಚ್ಚಿಸಬೇಕು, ಅಷ್ಟರಲ್ಲಿ ರೋಗಿ ಮನೆಗೆ ಹೋಗಿಯಾಗಿರುತ್ತದೆ. ಅನಿವಾರ್ಯವಾಗಿ ಎಲ್ಲರೂ ಒಬ್ಬರ ಲಾಗಿನ್ನನ್ನೇ ಬಳಸತೊಡಗಿದರು. ಅಲ್ಲಿಗೆ ‘ಯಾರು ಬದಲಿಸಿದರು’ ಎಂಬ ದಾಖಲೆಗೆ ಅರ್ಥವೇ ಉಳಿಯಲಿಲ್ಲ, ನಾವು ಹಣ ಕೊಟ್ಟಿದ್ದು ಮುಖ್ಯವಾಗಿ ಅದಕ್ಕೇ. ವರ್ಷ ಮುಗಿದಾಗ ನವೀಕರಿಸಲಿಲ್ಲ.

ರೆಡ್‌ಕ್ಯಾಪ್ ಎಂಬ ತಂತ್ರಾಂಶ ಇದೇ ಶಿಸ್ತನ್ನು ಹಣ ಪಡೆಯದೆ ಕೊಡುತ್ತದೆ. 2004ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದನ್ನು ಲಾಭೋದ್ದೇಶವಿಲ್ಲದ ಸಂಸ್ಥೆಗಳು ಒಪ್ಪಂದಕ್ಕೆ ಸಹಿಹಾಕಿ ಉಚಿತವಾಗಿ ಪಡೆಯಬಹುದು. ಆದರೆ ಸಹಿ ಹಾಕಬೇಕಾದದ್ದು ಸಂಸ್ಥೆ, ನಾನಲ್ಲ. ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಐಟಿ ಸಿಬ್ಬಂದಿ ಬೇಕು. ನಿಮ್ಮ ಕಾಲೇಜಿನಲ್ಲಿ ಅದು ಈಗಾಗಲೇ ಇದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಅದನ್ನೇ ಬಳಸಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಇಲ್ಲದವರಿಗೆ ಕೋಬೋ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವೀಯ ನೆರವಿನ ಅಧ್ಯಯನ ಕೇಂದ್ರದ ಆಸರೆಯಲ್ಲಿ ಬೆಳೆದ ಈ ತಂತ್ರಾಂಶ, ಪ್ರವಾಹ, ಭೂಕಂಪಗಳಂಥ ಕಡೆ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ದಪ್ಪ ಗೋಡೆಗಳ ನಮ್ಮ ಹಳೆಯ ವಾರ್ಡಿಗೂ ಅದು ಹೇಳಿಮಾಡಿಸಿದಂತಿದೆ: ಫಾರ್ಮ್ ಟ್ಯಾಬಿನಲ್ಲೇ ಉಳಿದು, ಕಾರಿಡಾರಿಗೆ ಬಂದು ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಟ್ಯಾಬ್ ಎಂಬುದು ಈ ಊರಿಗೆ ಹೊಸದೂ ಅಲ್ಲ, ಮಲೇರಿಯಾ ಪ್ರಕರಣಗಳನ್ನು ಟ್ಯಾಬಿನಲ್ಲಿ ದಾಖಲಿಸುವ ವ್ಯವಸ್ಥೆ ಮಂಗಳೂರು ನಗರದಲ್ಲಿ 2015ರಲ್ಲೇ ಆರಂಭವಾಗಿತ್ತು.

ನನಗೆ ಮುಖ್ಯವಾದದ್ದು ದಿನಾಂಕ. ಇಲ್ಲಿ ದಿನಾಂಕವನ್ನು ಬರೆಯುವುದಿಲ್ಲ, ಪಂಚಾಂಗದಂತೆ ತೆರೆದುಕೊಳ್ಳುವ ಪುಟದಲ್ಲಿ ಮುಟ್ಟಿ ಆರಿಸುತ್ತಾರೆ. ಜ್ವರದ ದಿನ ದಾಖಲಾದ ದಿನಕ್ಕಿಂತ ಮುಂದಿರಬಾರದು ಎಂಬ ಷರತ್ತು ಹಾಕಿದ್ದೇವೆ, ಮೀರಿದರೆ ಮುಂದಿನ ಪ್ರಶ್ನೆಗೆ ಹೋಗಲು ಬಿಡುವುದಿಲ್ಲ. ಆರಿಸಿದ ಕೂಡಲೇ ‘ಜ್ವರದ 5ನೇ ದಿನ’ ಎಂದು ಕನ್ನಡದಲ್ಲೇ ತೋರಿಸುತ್ತದೆ, ಅದನ್ನು ರೋಗಿಗೆ ಓದಿ ಹೇಳಬಹುದು. ನಮ್ಮ ರೋಗಿಗಳು ತಾರೀಕು ಹೇಳುವವರಲ್ಲ. ‘ಆಟಿ ಅಮಾವಾಸ್ಯೆಗೆ ಕಷಾಯ ಕುಡಿದದ್ದು ಡಾಕ್ಟ್ರೇ, ಅದೇ ಸಂಜೆ ಚಳಿ ಹಿಡಿಯಿತು’ ಎನ್ನುತ್ತಾರೆ, ಇಲ್ಲವೇ ಚೌತಿಯ ಮುನ್ನಾದಿನ, ಕ್ರೈಸ್ತರ ಮೊಂತಿ ಹಬ್ಬದ ಮರುದಿನ ಎನ್ನುತ್ತಾರೆ. ಆದ್ದರಿಂದ ಪ್ರಶ್ನೆಯ ಕೆಳಗೇ ಆ ವರ್ಷದ ನಾಗರಪಂಚಮಿ, ಅಷ್ಟಮಿ, ಚೌತಿ, ಮೊಂತಿ ಹಬ್ಬಗಳ ತಾರೀಕುಗಳನ್ನು ಸೂಚನೆಯಾಗಿ ಬರೆದಿಟ್ಟಿದ್ದೇವೆ. ಜೊತೆಗೆ ‘ದಿನಾಂಕ ಖಚಿತವೇ, ಅಂದಾಜೇ’ ಎಂಬ ಇನ್ನೊಂದು ಪ್ರಶ್ನೆ. ವಿಶ್ಲೇಷಣೆಯಲ್ಲಿ ಅಂದಾಜಿನವರನ್ನು ಬೇರೆ ಮಾಡಿ ನೋಡುವ ಅವಕಾಶ ಇದರಿಂದ ಸಿಗುತ್ತದೆ, ಈ ಪ್ರಶ್ನೆಯನ್ನು ಕಾಗದದಲ್ಲೂ ಸೇರಿಸಬಹುದೆಂದು ಒಪ್ಪುತ್ತೇನೆ. ಕಟ್ಟಡದ ಕೆಲಸಕ್ಕೆ ಉತ್ತರದಿಂದ ಬಂದವರಿಗಾಗಿ ಅದೇ ಫಾರ್ಮಿಗೆ ಹಿಂದಿಯನ್ನೂ ಸೇರಿಸಿದ್ದೇವೆ. ತುಳು, ಬ್ಯಾರಿ, ಕೊಂಕಣಿಗಳಲ್ಲಿ ಸಿಸ್ಟರ್‌ಗಳೇ ಕೇಳಿ ಹೇಳುತ್ತಾರೆ.

ಕೋಬೋದಲ್ಲಿ ಕೊರತೆಗಳಿವೆ. ಷರತ್ತು ಹಾಕಿದರೆ ಅದು ಗೋಡೆಯೇ, ಎಚ್ಚರಿಸಿ ದಾರಿಬಿಡುವ ಸೌಜನ್ಯ ಅದಕ್ಕೆ ಸುಲಭವಾಗಿ ಬರುವುದಿಲ್ಲ. ಪ್ಲೇಟ್‌ಲೆಟ್ 10,000ಕ್ಕಿಂತ ಕಡಿಮೆ ಇರಬಾರದೆಂದು ಹಾಕಿದರೆ ನಿಜವಾಗಿಯೂ 6,000 ಇರುವ ರೋಗಿಯನ್ನು ತುಂಬಲು ಆಗದು, ಅಧ್ಯಯನಕ್ಕೆ ಬೇಕಾದವರು ಅವರೇ. ಮಿತಿಯನ್ನು ಸಡಿಲವಾಗಿಟ್ಟು, ಅಸಾಮಾನ್ಯ ಸಂಖ್ಯೆ ಬಂದಾಗ ‘ವರದಿಯನ್ನು ಮತ್ತೊಮ್ಮೆ ನೋಡಿ’ ಎಂಬ ಸಾಲು ಕಾಣುವಂತೆ ಮಾಡಿಕೊಂಡಿದ್ದೇವೆ. ಮಾಹಿತಿ ಹೊರಗಿನ ಸರ್ವರಿನಲ್ಲಿ ಕೂರುತ್ತದೆ ಎಂಬುದನ್ನು ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಮೊದಲೇ ಬರೆದು ತಿಳಿಸಬೇಕು. ಹೆಸರು, ಫೋನ್, ಐಪಿ ನಂಬರ್ ಫಾರ್ಮಿನಲ್ಲಿ ಇಲ್ಲವೇ ಇಲ್ಲ, ಅಧ್ಯಯನದ ಕ್ರಮಸಂಖ್ಯೆ ಮಾತ್ರ. ಎರಡನ್ನೂ ಜೋಡಿಸುವ ಪಟ್ಟಿ ವಿಭಾಗದ ಬೀರುವಿನಲ್ಲಿ ಕಾಗದದಲ್ಲಿದೆ.

ದೊಡ್ಡ ಕೊರತೆ ಇನ್ನೊಂದು: ಅದೇ ರೋಗಿ ಮತ್ತೆ ಬಂದಾಗ. ಇಲಿಜ್ವರದ ಪತ್ತೆಗೆ ಪ್ರಮಾಣವೆನಿಸಿದ ಎಂಎಟಿ ಎಂಬ ಪ್ರತಿಕಾಯ ಪರೀಕ್ಷೆಯಲ್ಲಿ ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಲು ದಿನಗಳ ಅಂತರದಲ್ಲಿ ಎರಡು ರಕ್ತದ ಮಾದರಿ ಬೇಕು. ವೈವಾಕ್ಸ್ ಬಗೆಯ ಮಲೇರಿಯಾಕ್ಕೆ ಕೊಡುವ 14 ದಿನಗಳ ಪ್ರೈಮಾಕ್ವಿನ್ ಮಾತ್ರೆ ಪೂರ್ತಿಯಾಯಿತೇ ಎಂದು ಕೇಳಲೂ ಮತ್ತೆ ಭೇಟಿಯಾಗಬೇಕು. ಕೋಬೋದಲ್ಲಿ ಎರಡನೆಯ ಭೇಟಿ ಎಂದರೆ ಇನ್ನೊಂದು ಫಾರ್ಮ್. ಜೋಡಿಸುವ ದಾರಿ ಇದೆ, ಅದು ನೇರವಾಗಿಲ್ಲ, ಕ್ರಮಸಂಖ್ಯೆಯ ಒಂದು ಅಂಕಿ ತಪ್ಪಿದರೂ ಕೊಂಡಿ ಕಳಚುತ್ತದೆ. ಈ ವಿಷಯದಲ್ಲಿ ರೆಡ್‌ಕ್ಯಾಪ್ ಎಷ್ಟೋ ಮುಂದಿದೆ.

ಹಾಗಾಗಿ ನನ್ನ ಆಯ್ಕೆ ನನ್ನ ಬಗೆಯ ಅಧ್ಯಯನಕ್ಕೆ ಮಾತ್ರ: ಒಮ್ಮೆ ದಾಖಲಾಗಿ ಡಿಸ್ಚಾರ್ಜ್ ಆಗುವವರೆಗಿನ ಮಾಹಿತಿ, ಬದಲಾಗುತ್ತಲೇ ಇರುವ ಕೈಗಳು, ಟ್ಯಾಬಿಗೆ ಸಾಲುವಷ್ಟೇ ಹಣ. ಹೊಸ ಔಷಧದ ಪ್ರಯೋಗವಾದರೆ ಭಾರತದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಕೇಳುವ ದಾಖಲೆಯ ಶಿಸ್ತಿಗೆ ಇದು ಸಾಕಾಗದು, ಅಲ್ಲಿ ಪ್ರಾಯೋಜಕರೇ ತಕ್ಕ ವ್ಯವಸ್ಥೆ ತರುತ್ತಾರೆ. ಪ್ರೈಮಾಕ್ವಿನ್ ಅಧ್ಯಯನವನ್ನು ಕೈಗೆತ್ತಿಕೊಳ್ಳುವ ಮುನ್ನ ರೆಡ್‌ಕ್ಯಾಪ್‌ಗಾಗಿ ಆಡಳಿತಕ್ಕೆ ಅರ್ಜಿ ಕೊಡುತ್ತೇನೆ. ಜ್ವರದ ವಾರ್ಡಿಗೆ ಇನ್ನೊಂದು ಟ್ಯಾಬ್ ಕೊಳ್ಳುವುದಿದೆ, ಈ ಸಲ ಸ್ಪಿರಿಟ್ಟಿನಲ್ಲಿ ಒರೆಸಿದರೂ ಹಾಳಾಗದ ರಬ್ಬರಿನ ಕವಚದೊಂದಿಗೆ, ಏಕೆಂದರೆ ಅಂಗಡಿಯವರು ಮೊದಲನೆಯದರ ಜೊತೆ ಕೊಟ್ಟ ಬಟ್ಟೆಯ ಕವಚ ಮಳೆಗಾಲದ ವಾರ್ಡಿನಲ್ಲಿ ಒಣಗುವುದೇ ಇಲ್ಲ.